ಎರಡು ದಿನಕ್ಕೆಂದು ತಂದದ್ದು

ಬಚ್ಚಲುಮನೆಯ ಬಾಗಿಲಲ್ಲಿ ಯಾರೂ ನಿಂತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಐದು ದಿನ ಆ ಎರಡು ಕೋಣೆಯ ಮನೆಯಲ್ಲಿ ಹನ್ನೊಂದು ಜನರಿದ್ದರು; ಹಲ್ಲುಜ್ಜುವುದಕ್ಕೂ ಸರದಿ, ಅಳುವುದಕ್ಕೂ ಸರದಿ. ಭಾನುವಾರ ಸಂಜೆ ಚಿಕ್ಕಮ್ಮಂದಿರು, ಭಾವಂದಿರು ತಮ್ಮ ತಮ್ಮ ಚಪ್ಪಲಿ ಹುಡುಕಿಕೊಂಡು ಹೊರಟುಹೋದ ಮೇಲೆ ಅವಳೂ ಅತ್ತೆಯೂ ಇಬ್ಬರೇ ಉಳಿದಿದ್ದರು. ಸೋಮವಾರ ಬೆಳಿಗ್ಗೆ ಟವೆಲು ಹೆಗಲಿಗೆ ಹಾಕಿಕೊಂಡು ಬಂದವಳು, ತೆರೆದೇ ಇದ್ದ ಬಾಗಿಲಿನ ಮುಂದೆ ಸ್ವಲ್ಪ ಹೊತ್ತು ಕಾದಳು. ಒಳಗೆ ಯಾರೂ ಇಲ್ಲವೆಂದು ಹೊಳೆದಾಗ ನಗು ಬಂದ ಹಾಗಾಯಿತು. ಕನ್ನಡಿ ನೋಡಿಕೊಂಡಳು. ಮುಖ ಚೆನ್ನಾಗಿಯೇ ಇತ್ತು. ರಾತ್ರಿ ನಿದ್ದೆ ಬಂದಿತ್ತು. ಈಗ ಹೊಟ್ಟೆ ಹಸಿದಿತ್ತು. ಇಪ್ಪತ್ತನಾಲ್ಕು ವರ್ಷದ ಮೈ ತನ್ನ ಪಾಡಿಗೆ ತಾನು ಎಲ್ಲವನ್ನೂ ಸುಸೂತ್ರವಾಗಿ ನಡೆಸಿಕೊಂಡು ಹೋಗುತ್ತಿರುವುದು ಅವಳಿಗೆ ನಾಚಿಕೆಗೇಡು ಎನಿಸಿತು. ಅಳು ಬರುತ್ತದೇನೋ ಎಂದು ನಲ್ಲಿ ತಿರುಗಿಸಿ ಕಾದಳು. ನೀರು ಬಂತು, ಅಷ್ಟೇ.

ಎರಡು ಲೋಟ ಚಹಾ ಮಾಡಿ ಒಂದನ್ನು ಅತ್ತೆಯ ಮುಂದಿಟ್ಟಳು. ಅತ್ತೆ ಮಂಚದ ತುದಿಯಲ್ಲಿ ಕೂತು ಬಾಗಿಲಿನ ಹಿಂದೆ ಮೊಳೆಗೆ ತೂಗುಹಾಕಿದ್ದ ಮಗನ ಕ್ಯಾನ್ವಾಸ್ ಚೀಲವನ್ನೇ ನೋಡುತ್ತಿದ್ದರು. ಹನ್ನೊಂದು ಜನ ಆ ಬಾಗಿಲನ್ನು ತೆರೆದು ಮುಚ್ಚಿ ಮಾಡಿದ್ದರೂ ಅದನ್ನು ಯಾರೂ ಮುಟ್ಟಿರಲಿಲ್ಲ.

“ಅದರಲ್ಲಿ ಊಟದ ಡಬ್ಬಿ ಇದ್ರೆ ಹುಳ ಬಿದ್ದಿರುತ್ತೆ. ನೋಡಮ್ಮ,” ಅಂದರು ಅತ್ತೆ.

ಡಬ್ಬಿ ಇತ್ತು. ತೊಳೆದು, ಒರೆಸಿ, ಮುಚ್ಚಳವನ್ನು ಓರೆಯಾಗಿ ಇಟ್ಟಿದ್ದ. ಅದರ ಕೆಳಗೆ ಕಂದು ಕಾಗದದ ಹೊದಿಕೆ ಹಾಕಿದ, ಇಟ್ಟಿಗೆಯಷ್ಟು ದಪ್ಪನೆಯ ಒಂದು ರಿಜಿಸ್ಟರು. ಹೊದಿಕೆಯ ಮೇಲೆ ಮಾರ್ಕರಿನಲ್ಲಿ ‘ದೊಡ್ಡಪ್ಪ’ ಎಂದು ಬರೆದು, ಕೆಳಗೆ ಒಂದು ಮೀಸೆ ಬಿಡಿಸಿದ್ದರು. ಯಾರ ಕೈಯೋ. ಗಂಡನದಲ್ಲ, ಅವನಿಗೆ ಒಂದು ಗೆರೆ ನೆಟ್ಟಗೆ ಎಳೆಯಲು ಬರುತ್ತಿರಲಿಲ್ಲ.

ಅವಳು ನಿಂತಲ್ಲೇ ಮೊದಲ ಪುಟ ತೆರೆದಳು. ‘ನಿಯಮಗಳು’ ಎಂದಿತ್ತು, ಐದು ಬೇರೆ ಬೇರೆ ಕೈಬರಹದಲ್ಲಿ. ಐವರೂ ಕೆಲಸಕ್ಕೆ ಹೋಗುವವರಾದ್ದರಿಂದ ವಾರದ ಒಂದೊಂದು ದಿನ ಒಬ್ಬೊಬ್ಬರು ಕಾನೂನು ಕಾಲೇಜಿನ ತರಗತಿಗೆ ಹೋಗತಕ್ಕದ್ದು. ಹೋದವರು ಐವರ ಪಾಲಿಗೂ ಟಿಪ್ಪಣಿ ಬರೆಯತಕ್ಕದ್ದು, ಐವರ ಪಾಲಿಗೂ ಹಾಜರಿ ಕೂಗತಕ್ಕದ್ದು, ಐದು ದನಿಯಲ್ಲಿ. (ಪಕ್ಕದಲ್ಲಿ ಇನ್ನೊಬ್ಬರು: ‘ಬೇಕರಿ ಆದಷ್ಟು ಬೇಗ ಗಂಡು ದನಿ ಕಲಿಯಬೇಕು.’) ನಿಜವಾದ ಹೆಸರು ಬರೆಯಕೂಡದು, ಮಾಡುವ ಕೆಲಸದ ಅಡ್ಡಹೆಸರೇ ಸಾಕು; ಪುಸ್ತಕ ಮೇಷ್ಟರ ಕೈಗೆ ಸಿಕ್ಕರೆ ಐವರೂ ಮನೆಗೆ. ಪುಟ ಹರಿದವರಿಗೆ ಕ್ಷಮೆಯಿಲ್ಲ. ದೊಡ್ಡಪ್ಪನನ್ನು, ಅಂದರೆ ಈ ಪುಸ್ತಕವನ್ನು, ಎರಡು ದಿನಕ್ಕಿಂತ ಹೆಚ್ಚು ಇಟ್ಟುಕೊಂಡವರು ಕತ್ತೆ.

ಹೊದಿಕೆಯ ಒಳಮಗ್ಗುಲಿಗೆ ಪರೀಕ್ಷೆಯ ವೇಳಾಪಟ್ಟಿ ಅಂಟಿಸಿತ್ತು. ಸಾಕ್ಷ್ಯ ಕಾಯ್ದೆ, ಗುರುವಾರ. ಕೊನೆಯ ಪುಟದಲ್ಲಿ ಗೆರೆ ಎಳೆದು ಮೂರು ಕಾಲಂ: ತಗೊಂಡವರು, ತಾರೀಕು, ವಾಪಸ್ಸು. ಕಟ್ಟಕಡೆಯ ಸಾಲು ಗಂಡನ ಕೈಬರಹದಲ್ಲಿತ್ತು: ‘ಇಸ್ತ್ರಿ. ಬೇಕರಿಯ ಸರದಿಯಿಂದ ಕಡ. ಎರಡೇ ದಿನ, ಆಣೆ.’ ವಾಪಸ್ಸಿನ ಕಾಲಂ ಖಾಲಿ. ಅವಳು ಬೆರಳು ಮಡಿಸಿ ಎಣಿಸಿದಳು. ಅವನಿಗೆ ಜ್ವರ ಬಂದ ದಿನದ ತಾರೀಕು; ಇವತ್ತಿಗೆ ಹನ್ನೊಂದು ದಿನ. ಇನ್ನು ಮೂರು ದಿನದಲ್ಲಿ ಪರೀಕ್ಷೆ. ನಾಲ್ಕು ಜನ ಯಾರೋ ಪುಸ್ತಕವಿಲ್ಲದೆ ಕೂತಿದ್ದರು, ಕೇಳಲು ಬಂದಿರಲಿಲ್ಲ.

ಇಸ್ತ್ರಿ. ಅವನನ್ನು ಹಾಗೆ ಕರೆಯುತ್ತಿದ್ದರು ಎಂದು ಅವಳಿಗೆ ಗೊತ್ತಿರಲಿಲ್ಲ. ಅವನು ಆಸ್ಪತ್ರೆಯ ಲಾಂಡ್ರಿಯಲ್ಲಿ ಇಸ್ತ್ರಿ ವಿಭಾಗದಲ್ಲಿದ್ದ, ಮಧ್ಯಾಹ್ನ ಎರಡರಿಂದ ಹತ್ತರ ಪಾಳಿ. ಬೆಳಿಗ್ಗೆ ಕಾಲೇಜು ಎನ್ನುತ್ತಿದ್ದ, ಆದರೆ ನಾಲ್ಕು ದಿನ ಮಲಗಿಯೇ ಇರುತ್ತಿದ್ದ. ನಿನಗೆ ಓದುವ ಮನಸ್ಸೇ ಇಲ್ಲ ಎಂದು ಅವಳು ಎಷ್ಟು ಸಲ ಅಂದಿದ್ದಳೋ. ಅವಳು ವಿದ್ಯಾರ್ಥಿವೇತನದವಳು, ಎಂ.ಎ. ಕೊನೆಯ ವರ್ಷ, ಒಂದು ತರಗತಿಯನ್ನೂ ತಪ್ಪಿಸಿದವಳಲ್ಲ. ತರಗತಿ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಒಂದು ಚಹಾಕ್ಕೆ ಎರಡು ಗಂಟೆ ಕೂರುವ ಆರು ಜನರ ಗುಂಪು ಅವಳದು. ‘ನಮ್ಮವರಿಗೆ ಗೆಳೆಯರೇ ಇಲ್ಲ ಕಣೇ’ ಎಂದು ಅಲ್ಲಿ ಹೇಳುತ್ತಿದ್ದಳು. ಹೇಳುವಾಗ ಮರುಕವಿರುತ್ತಿತ್ತು. ಮರುಕದ ಅಡಿಯಲ್ಲಿ ಸ್ವಲ್ಪ ಜಂಬವೂ ಇರುತ್ತಿತ್ತೆಂಬುದು ಈಗ, ಈ ಖಾಲಿ ಮನೆಯಲ್ಲಿ, ಬೇರೆ ಯಾರೋ ಹೇಳಿದ ಹಾಗೆ ಕೇಳಿಸಿತು.

ಚಹಾ ಆರಿತು. ಅವಳು ಓದುತ್ತಲೇ ಇದ್ದಳು. ಪುಟದ ನಡುವೆ ಪಾಠ, ಅಂಚಿನಲ್ಲಿ ಮಾತು. ಐವರೂ ಒಟ್ಟಿಗೆ ಒಂದು ಕಡೆ ಕೂತದ್ದು ಬಹುಶಃ ಎಂದೂ ಇಲ್ಲ. ಒಬ್ಬನ ಪಾಳಿ ಮುಗಿಯುವ ಹೊತ್ತಿಗೆ ಇನ್ನೊಬ್ಬಳದು ಶುರು. ಹಾಗಾಗಿ ಹರಟೆಯೆಲ್ಲ ಇಲ್ಲಿತ್ತು. ವಾಹನ ನಿಲ್ಲಿಸುವ ಕಟ್ಟಡದ ಕಾವಲಿನವನು, ಅವನ ಹೆಸರು ಸೀಟಿ, ಬರೆದಿದ್ದ: ‘ಒಬ್ಬ ಸಾಹೇಬ್ರು ಇವತ್ತು, ಓದಿದ್ದೀಯೇನೋ ಅಂದ್ರು. ಓದ್ತಾ ಇದ್ದೀನಿ ಸಾರ್ ಅಂದೆ. ಬೋರ್ಡು ಓದೋದಲ್ಲ ಅಂದ್ರು.’ ಅದರ ಕೆಳಗೆ ಬೇಕರಿ: ‘ಹಾಗಾದ್ರೆ ಅವರ ಗಾಡಿ ಮೇಲಕ್ಕೆ ಕಳಿಸಿ ಜಾಗ ಇಲ್ಲ ಅನ್ನಬೇಕಿತ್ತು, ದಡ್ಡ.’ ಅದರ ಕೆಳಗೆ, ಸಣ್ಣಗೆ, ಬಲಕ್ಕೆ ವಾಲಿದ ಗಂಡನ ಅಕ್ಷರ: ‘ಇವತ್ತು ಡಾಕ್ಟರುಗಳ ಹಸಿರು ಅಂಗಿ ಇನ್ನೂರು. ಒಂದರ ಜೇಬಲ್ಲಿ ಚಾಕಲೇಟು ಇತ್ತು. ತಿಂದುಬಿಟ್ಟೆ. ಯಾವ ಪುಣ್ಯಾತ್ಮನೋ, ಅವನ ರೋಗಿಗಳೆಲ್ಲ ಬದುಕಲಿ.’

ಈ ಮನುಷ್ಯ ತಮಾಷೆ ಮಾಡುತ್ತಿದ್ದ. ಮನೆಗೆ ಬಂದಾಗ ಅವನ ಬಾಯಲ್ಲಿ ಎರಡು ಮಾತು: ‘ಊಟ ಆಯ್ತಾ’, ‘ದೀಪ ಆರಿಸ್ಲಾ’. ಕಣ್ಣು ಮುಚ್ಚಿಕೊಂಡೇ ತುತ್ತು ಬಾಯಿಗಿಡುತ್ತಿದ್ದ. ಒಮ್ಮೆ ಅವಳು ಕ್ಯಾಂಟೀನಿನಲ್ಲಿ ನಡೆದದ್ದೊಂದನ್ನು ಹೊಟ್ಟೆ ಹಿಡಿದುಕೊಂಡು ನಗುತ್ತ ಹೇಳಿ, ತಿರುಗಿ ನೋಡಿದರೆ ನಿದ್ದೆ ಹೋಗಿದ್ದ. ಕಲ್ಲಿನ ಜೊತೆ ಸಂಸಾರ ಎಂದುಕೊಂಡಿದ್ದಳು. ಕಲ್ಲು ಇಲ್ಲಿ ಪುಟಗಟ್ಟಲೆ ಹರಟಿತ್ತು.

“ಏನಮ್ಮ ಅದು?” ಅತ್ತೆ ಹತ್ತಿರ ಬಂದು ಕೂತರು. ಅವರಿಗೆ ಓದು ಬರುತ್ತಿರಲಿಲ್ಲ. ತೆರೆದ ಪುಟದ ಮೇಲೆ ಬೆರಳಿಟ್ಟು, “ಇದು ಅವನ ಅಕ್ಷರಾನಾ?” ಅಂದರು.

ಬೆರಳಿಟ್ಟದ್ದು ಸೀಟಿಯ ಬರಹದ ಮೇಲೆ.

“ಹೂಂ ಅತ್ತೆ.”

“ಎಷ್ಟು ದುಂಡಗಿದೆ ನೋಡು. ಚಿಕ್ಕವನಿದ್ದಾಗ ಮೇಷ್ಟ್ರು ಬೈತಿದ್ರು, ಕಾಗೆ ಕಾಲು ಗುಬ್ಬಿ ಕಾಲು ಅಂತ.” ಕಾವಲಿನವನ ಸಾಲುಗಳನ್ನು ಒಂದೊಂದಾಗಿ ಸವರಿದರು. “ತಿದ್ದಿಕೊಂಡಿದ್ದಾನೆ.”

ಅವಳು ಅವರ ಬೆರಳನ್ನು ಹಿಡಿದು ಒಂದಂಗುಲ ಕೆಳಕ್ಕೆ, ವಾಲಿದ ಸಣ್ಣ ಅಕ್ಷರದ ಮೇಲೆ ಇಡಬಹುದಿತ್ತು. ಇಡಲಿಲ್ಲ. “ಈ ಪುಸ್ತಕ ಅವರದ್ದಲ್ಲ ಅತ್ತೆ,” ಅಂದಳು, “ಜೊತೇಲಿ ಓದೋರದ್ದು. ಎರಡು ದಿನಕ್ಕೆ ಅಂತ ತಂದಿದ್ರು. ಅವರಿಗೆಲ್ಲ ಗುರುವಾರ ಪರೀಕ್ಷೆ ಇದೆ.”

“ಇದ್ರೆ ಇರಲಿ. ಅವನ ಕೈಬರಹ ಇರೋದನ್ನ ಯಾರಿಗೂ ಕೊಡಬೇಡ.”

“ಅವರೂ ಪಾಪ, ಕೆಲಸ ಮಾಡ್ಕೊಂಡು—”

“ಪರೀಕ್ಷೆ ಬರೆಯೋರಿಗೆ ಇನ್ನೊಂದು ಪುಸ್ತಕ ಸಿಗುತ್ತೆ ಕಣಮ್ಮ. ನಮಗೆ ಇನ್ನೇನು ಸಿಗುತ್ತೆ, ಹೇಳು?” ಅಂದು ಅತ್ತೆ ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು, ಲೋಟ ತೊಳೆಯಲು ಎದ್ದುಹೋದರು.

ಕೊಡಬಾರದೆಂದು ಅವಳಿಗೂ ಅನಿಸುತ್ತಿತ್ತು. ತಾನು ಮೂರು ವರ್ಷ ಪಕ್ಕದಲ್ಲೇ ಮಲಗಿ ಕೇಳಿಸಿಕೊಳ್ಳದೆ ಹೋದ ಮಾತೆಲ್ಲ ಇದರಲ್ಲಿತ್ತು. ಗುರುವಾರ ಕಳೆದುಬಿಟ್ಟರೆ ಯಾರಿಗೂ ಇದು ಬೇಡವಾಗುತ್ತದೆ. ಮೂರು ದಿನ ಸುಮ್ಮನಿದ್ದರೆ ಸಾಕು. ಹೀಗೆಂದುಕೊಂಡು ಹಾಳೆ ಮಗುಚಿದಾಗ ನೂರಾ ಹನ್ನೆರಡನೆಯ ಪುಟ ಬಂತು, ಗಂಡನ ಅಕ್ಷರ.

‘ನಾಳೆ ಅವಳ ಗೆಳೆಯರ ಕೂಟ. ಪಾಳಿ ಇದೆ ಅಂತ ಹೇಳಿದ್ದೇನೆ. ನಿಜವಾಗಿ ನಾಳೆ ರಜೆ. ಎರಡರಿಂದ ಹತ್ತರವರೆಗೆ ಎಲ್ಲಿ ಕೂರೋದು, ಯಾರಾದ್ರೂ ದಾರಿ ತೋರಿಸಿ.’

ಸೀಟಿ: ‘ಇಲ್ಲಿಗೆ ಬಾ. ಕುರ್ಚಿ ಕೊಡ್ತೀನಿ. ಊದೋಕೂ ಬಿಡ್ತೀನಿ.’

ಬೇಕರಿ: ‘ಅಷ್ಟು ಕರೆಯೋವಾಗ ಹೋಗಬಾರದಾ? ತಿನ್ನೋಕಾದ್ರೂ ಏನಾದ್ರೂ ಸಿಗುತ್ತೆ.’

‘ಹೋದ್ರೆ ನಾನು ಆಡಳಿತ ವಿಭಾಗದವನಾಗಬೇಕು. ಅವರಿಗೆಲ್ಲ ಹಾಗೆ ಹೇಳಿದ್ದಾಳೆ. ಪೂರ್ತಿ ಸುಳ್ಳೂ ಅಲ್ಲ ಬಿಡಿ. ನನ್ನ ಕೈಕೆಳಗೆ ದಿನಾ ನಾನೂರು ಬೆಡ್‌ಶೀಟು ಇರ್ತವೆ, ಒಂದೂ ಎದುರು ಮಾತಾಡಲ್ಲ.’

ಅಲ್ಲಿಂದ ಮುಂದೆ ಪ್ರತಿ ಪುಟದಲ್ಲೂ ಅವನು ‘ಆಡಳಿತ ವಿಭಾಗದ ಸಾಹೇಬರು’.

ಅವನು ಕೇಳಿಸಿಕೊಂಡಿದ್ದ. ಕಾಲೇಜಿನ ಗೇಟಿನ ಬಳಿ, ಮನೆಯ ಬೀಗದ ಕೈ ಕೊಡಲು ಬಂದ ದಿನ, ಅವನು ಬಗ್ಗಿ ಸೈಕಲ್ಲಿನ ಚೈನು ಸರಿಮಾಡುತ್ತಿದ್ದಾಗ ಕನ್ನಡಕದ ಗೆಳತಿ ಕೇಳಿದ್ದಳು, ನಿಮ್ಮವರು ಆಸ್ಪತ್ರೆಯಲ್ಲಿ ಏನಾಗಿದ್ದಾರೆ ಎಂದು. ಆಡಳಿತ ವಿಭಾಗ ಎಂಬ ಎರಡು ಪದ ಎಲ್ಲಿಂದ ಬಂದವೋ, ನಾಲಗೆಯ ತುದಿಯಲ್ಲೇ ಕಾದು ಕೂತಿದ್ದ ಹಾಗೆ ಬಂದವು. ಅವನು ಚೈನು ಕೂರಿಸಿ, ಕರಿಯಾದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ಎಲ್ಲರಿಗೂ ತಲೆಬಾಗಿಸಿ ಹೋಗಿದ್ದ. ಆಮೇಲೆ, ಹನ್ನೊಂದು ದಿನದ ಹಿಂದೆ ಇನ್ನೊಂದು ಕೂಟ. ಮೈ ಬಿಸಿ ಇದೆ ಕಣೇ ಎಂದಿದ್ದ. ‘ನನ್ನ ಗೆಳೆಯರ ಹೆಸರೆತ್ತಿದ್ರೆ ಸಾಕು, ನಿನಗೆ ಜ್ವರ ಬರುತ್ತೆ’ ಎಂದು ಸೀರೆಯ ನೆರಿಗೆ ಹಿಡಿಯುತ್ತ ಅಂದಿದ್ದಳು. ಹಣೆ ಮುಟ್ಟಿ ನೋಡಿರಲಿಲ್ಲ. ಮೂರನೆಯ ದಿನ ಅವನು ಯಾರನ್ನೂ ಗುರುತಿಸದಾದ. ಐದನೆಯ ದಿನ ಅವನದೇ ಆಸ್ಪತ್ರೆಯಲ್ಲಿ, ಅವನ ಪಾಳಿಯವರೇ ಇಸ್ತ್ರಿ ಮಾಡಿದ ಬಿಳಿಯ ಹೊದಿಕೆಯನ್ನು ಮುಖದವರೆಗೆ ಎಳೆದರು. ಶವದ ಹತ್ತಿರ ಲಾಂಡ್ರಿಯ ಮೇಸ್ತ್ರಿಯೂ ನಾಲ್ಕಾರು ಕೆಲಸಗಾರರೂ ನೀಲಿ ಅಂಗಿಯಲ್ಲೇ ನಿಂತಿದ್ದಾಗ ಕನ್ನಡಕದ ಗೆಳತಿ ಅವಳ ಹೆಗಲು ತಬ್ಬಿ ಕಿವಿಯಲ್ಲಿ ಕೇಳಿದ್ದಳು: ‘ಆಡಳಿತ ವಿಭಾಗದವರು ಯಾರೂ ಬರಲಿಲ್ವಾ?’ ಮೇಸ್ತ್ರಿಗೆ ಕೇಳಿಸಿತೋ ಇಲ್ಲವೋ. ಅವರು ನೆಲ ನೋಡುತ್ತಿದ್ದರು.

ಅಡುಗೆಮನೆಯಲ್ಲಿ ಅತ್ತೆ ಲೋಟ ತೊಳೆಯುವ ಸದ್ದಿತ್ತು. ಆ ಸದ್ದಿನ ಮರೆಯಲ್ಲಿ ಅವಳು ನೂರಾ ಹನ್ನೆರಡನ್ನು ಹರಿದಳು. ಹೊಲಿಗೆಯ ಪಕ್ಕದಿಂದ, ನಿಧಾನವಾಗಿ, ಗೊತ್ತಾಗದ ಹಾಗೆ. ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟುಕೊಂಡಳು. ಆಗ ಮನಸ್ಸು ಹಗುರಾಗಿ, ಉಳಿದ ಪುಸ್ತಕವನ್ನು ಕೊಟ್ಟುಬಿಡಬಹುದು ಎನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ತನ್ನ ಮೇಲೆಯೇ ಅಸಹ್ಯವೂ ಆಯಿತು.

“ಎಲ್ಲಿಗೆ?” ಅಂದರು ಅತ್ತೆ.

“ಕಾಲೇಜಿಗೆ ಹೋಗಿ ಬರ್ತೀನಿ ಅತ್ತೆ.”

ಅತ್ತೆ ಅವಳ ಹೆಗಲಿನ ಚೀಲ ನೋಡಿದರು, ಖಾಲಿ ಮೊಳೆ ನೋಡಿದರು. “ಬಿಸಿಲಾಗೋದ್ರೊಳಗೆ ಬಾ,” ಅಂದು ಗೋಡೆಯ ಕಡೆ ತಿರುಗಿ ಮಲಗಿದರು.

ಪುಸ್ತಕದ ‘ಬೇಕರಿ’ ಕೆಲಸ ಮಾಡುವ ಅಂಗಡಿಯ ಗುರುತು ಅಂಚಿನ ಹರಟೆಯಲ್ಲೇ ಇತ್ತು; ಅಲ್ಲಿಗೆ ತನ್ನ ಕಾಲೇಜಿನ ಮುಂದೆಯೇ ಹೋಗಬೇಕು. ಹಿಂದಿನ ರಸ್ತೆಯಿಂದಲೂ ಹೋಗಬಹುದಿತ್ತು, ಆದರೆ ಕಾಲು ಅಭ್ಯಾಸದ ಗೇಟಿನೊಳಕ್ಕೆ ನುಗ್ಗಿತು. ಕ್ಯಾಂಟೀನಿನ ಮೂಲೆಯ ಮೇಜಿನಲ್ಲಿ ಗುಂಪು ಕೂತಿತ್ತು, ಯಾರೋ ಏನೋ ಹೇಳಿ ಎಲ್ಲರೂ ನಗುತ್ತಿದ್ದರು. ಅವಳನ್ನು ಕಂಡೊಡನೆ ನಗುವನ್ನು ಬಾಯೊಳಗೆ ನುಂಗಿಕೊಂಡರು. ಐದು ಕುರ್ಚಿಗಳು ಒಟ್ಟಿಗೆ ಸರಿದು, ಬೇಕಾದದ್ದಕ್ಕಿಂತ ಎರಡು ಪಟ್ಟು ಜಾಗ ಮಾಡಿಕೊಟ್ಟವು.

“ಏನಾದ್ರೂ ತಿಂದ್ಯಾ?”

“ಹೂಂ.”

“ನಮ್ಮ ಹತ್ರ ಏನೂ ಸಂಕೋಚ ಬೇಡ ಕಣೇ. ಏನು ಬೇಕಿದ್ರೂ ಕೇಳು.”

“ಪ್ರಬಂಧದ ಗಡುವು ಮುಂದಕ್ಕೆ ಹಾಕಿಸ್ತೀವಿ ನಿನಗೆ. ನಾವೇ ಹೋಗಿ ಹೇಳಿದ್ವಿ.”

ಒಳ್ಳೆಯವರು. ಅವರ ಒಳ್ಳೆಯತನದಲ್ಲಿ ಏನೂ ಕೊರತೆಯಿರಲಿಲ್ಲ. ಮೇಜಿನ ಮೇಲೆ ಅವಳ ಪಾಲಿನ ಚಹಾ ಬಂತು, ಅದರ ಮೇಲೆ ನಿಧಾನವಾಗಿ ಕೆನೆ ಕಟ್ಟಿತು. ಇಲ್ಲಿ ಎಲ್ಲದಕ್ಕೂ ಹೊತ್ತಿತ್ತು. ಒಬ್ಬರ ಮಾತನ್ನು ಇನ್ನೊಬ್ಬರು ಕಿತ್ತುಕೊಳ್ಳುತ್ತ, ಮರೆಯುತ್ತ, ಮತ್ತೆ ಎತ್ತಿಕೊಳ್ಳುತ್ತ ಎರಡು ವರ್ಷ ಮಾತಾಡಿದ್ದರಲ್ಲ, ಅದರಲ್ಲಿ ಒಂದು ಸಾಲನ್ನಾದರೂ ನೆನಪಿಸಿಕೊಳ್ಳಲು ನೋಡಿದಳು. ಬರಲಿಲ್ಲ. ಕನ್ನಡಕದವಳು ಚೀಲದಿಂದ ಇಣುಕುತ್ತಿದ್ದ ರಿಜಿಸ್ಟರನ್ನು ಮೆಲ್ಲಗೆ ತೋರಿಸಿ, “ಅದೇನೇ ಅಷ್ಟು ದಪ್ಪದ್ದು?” ಅಂದಳು.

“ಅವರ ಆಫೀಸಿನದು. ವಾಪಸ್ ಕೊಡಬೇಕು.”

ಆಫೀಸು. ಹೇಳಿಯಾದ ಮೇಲೆ ಅವಳಿಗೇ ಗೊತ್ತಾಯಿತು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಬಾಯಿ ತಾನಾಗಿಯೇ ಹೇಳಿತ್ತು. ಅವನು ಹೋದಮೇಲೂ, ಇವರ ಮುಂದೆ, ಇನ್ನೂ ಅವನನ್ನು ಒಂದು ಮೆಟ್ಟಿಲು ಮೇಲಕ್ಕೆ ಹತ್ತಿಸುತ್ತಿದ್ದಳು. ಎದ್ದುಬಿಟ್ಟಳು. ಚಹಾ ಹಾಗೆಯೇ ಉಳಿಯಿತು. ಹಿಂದಿನಿಂದ ಯಾರೋ “ಹೋಗ್ಲಿ ಬಿಡು, ಒಬ್ಬಳೇ ಇರಬೇಕು ಅನ್ಸುತ್ತೆ” ಅಂದದ್ದು ಕೇಳಿಸಿತು.

ಬೇಕರಿಯ ಮುಂದೆ ಏಳೆಂಟು ಜನ ಸಾಲಿನಲ್ಲಿದ್ದರು. ಅವಳೂ ನಿಂತಳು. ಒಳಗೆ ಬಿಳಿ ಟೋಪಿ ಹಾಕಿದ ಹುಡುಗಿಯೊಬ್ಬಳು ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ, ಅಂಟುಪಟ್ಟಿ ಎಳೆದು ಹಲ್ಲಿನಿಂದ ಕತ್ತರಿಸಿ, ಕೊಟ್ಟು, ಮುಂದಿನವರ ಕಡೆ ನೋಡದೆಯೇ ‘ಹೇಳಿ’ ಅನ್ನುತ್ತಿದ್ದಳು. ಈ ಟೋಪಿಯನ್ನು ನೋಡಿದ್ದಳು. ಅವತ್ತು ಶವದ ಹತ್ತಿರ ಒಬ್ಬಳು ಟೋಪಿ ತೆಗೆಯುವುದನ್ನೂ ಮರೆತು ಹತ್ತೇ ನಿಮಿಷ ನಿಂತು, ಗಡಿಯಾರ ನೋಡಿಕೊಂಡು ಓಡಿಹೋಗಿದ್ದಳು. ಎಂಥ ಜನ, ಸಾವಿನ ಮನೆಗೂ ಗಡಿಯಾರ ನೋಡಿಕೊಂಡು ಬರುತ್ತಾರೆ ಎಂದು ಅವಳು ಅಂದುಕೊಂಡಿದ್ದಳು. ಆ ಹೊತ್ತಿನಲ್ಲೂ ಅದನ್ನು ಗಮನಿಸಿದ್ದಳು.

“ಹೇಳಿ,” ಅಂದವಳು ತಲೆ ಎತ್ತಿದಳು. ಅಂಟುಪಟ್ಟಿ ಹಲ್ಲಿನಲ್ಲೇ ಉಳಿಯಿತು. “ಅಕ್ಕಾ.”

ರಿಜಿಸ್ಟರನ್ನು ಕಟ್ಟೆಯ ಮೇಲಿಟ್ಟಳು. “ಹನ್ನೊಂದು ದಿನ ಆಗೋಯ್ತು. ನನಗೆ ಗೊತ್ತಿರಲಿಲ್ಲ. ಕೇಳೋದಲ್ವಾ ನೀವು?”

“ಹೇಗೆ ಕೇಳೋದು ಅಕ್ಕಾ? ಸೀಟಿ ಅಂತೂ, ಕೇಳಿದ್ರೆ ನಿನ್ನ ಕಾಲು ಮುರೀತೀನಿ ಅಂದಿದ್ದ. ಫೇಲಾದ್ರೆ ಆಗ್ತೀವಿ ಬಿಡು ಅಂತ.” ಕೈಯ ಹಿಟ್ಟನ್ನು ಏಪ್ರನ್ನಿಗೆ ಒರೆಸಿಕೊಂಡಳು, ಆದರೂ ಪುಸ್ತಕ ಮುಟ್ಟಲಿಲ್ಲ. “ನಾನೊಂದು ತಪ್ಪು ಮಾಡಿದೀನಿ. ನಿಮಗೆ ಹೇಳಲೇಬೇಕು, ನಿದ್ದೆ ಬರ್ತಿಲ್ಲ.”

ಹಿಂದಿನವರು ಕೆಮ್ಮಿದರು. ಬೇಕರಿ ದನಿ ಇಳಿಸಿದಳು.

“ಮಣ್ಣಿಗೆ ನಾನು ಬಂದು ಹೋದೆನಲ್ಲ, ಅದರ ಮಾರನೇ ದಿನ ಗುರುವಾರ, ನನ್ನ ದಿನ. ಕ್ಲಾಸಲ್ಲಿ ಹಾಜರಿ ಕೂಗಿದ್ರು. ಸೀಟಿ ನಂಬರಿಗೆ ಸೀಟಿ ದನೀಲಿ ಪ್ರೆಸೆಂಟ್ ಸಾರ್ ಅಂದೆ. ಆಮೇಲೆ ಇವರ ನಂಬರು ಬಂತು, ಅಕ್ಕಾ, ನನ್ನ ಬಾಯಿ ಸುಡ್ಲಿ, ಇವರ ದನೀಲೇ ಪ್ರೆಸೆಂಟ್ ಸಾರ್ ಅಂದ್ಬಿಟ್ಟೆ. ದಪ್ಪಗೆ, ಸ್ವಲ್ಪ ಮೂಗಲ್ಲಿ. ಇವರದ್ದು ಮಾತ್ರ ನನಗೆ ಸರಿಯಾಗಿ ಬರ್ತಿತ್ತು. ಇಡೀ ಕ್ಲಾಸು ತಿರುಗಿ ನೋಡ್ತು. ಎಲ್ಲರಿಗೂ ಗೊತ್ತಲ್ಲ.”

“ಮೇಷ್ಟ್ರು?”

“ಪೆನ್ನು ಹಿಡ್ಕೊಂಡು ನನ್ನನ್ನೇ ನೋಡಿದ್ರು. ಎರಡು ವರ್ಷದಿಂದ ಅವರಿಗೆ ಎಲ್ಲಾ ಗೊತ್ತಿತ್ತು ಅನ್ಸುತ್ತೆ. ಆಮೇಲೆ ಬಗ್ಗಿ, ಹಾಜರಿ ಹಾಕ್ಕೊಂಡ್ರು.”

ಅವಳು ಕಟ್ಟೆಯ ಅಂಚನ್ನು ಹಿಡಿದುಕೊಂಡಳು. ದಪ್ಪಗೆ, ಸ್ವಲ್ಪ ಮೂಗಿನಲ್ಲಿ. ಆರು ದಿನದಿಂದ ಆ ದನಿಯನ್ನು ನೆನಪಿಸಿಕೊಳ್ಳಲು ನೋಡುತ್ತಿದ್ದಳು, ಆಗುತ್ತಿರಲಿಲ್ಲ. ಒಮ್ಮೆ ಹೇಳು ಎಂದು ಕೇಳಿದರೆ ಈ ಹುಡುಗಿ ಇಲ್ಲೇ, ಬ್ರೆಡ್ಡಿನ ಮುಂದೆ, ಹೇಳಿಬಿಡುತ್ತಾಳೆ. ಕೇಳಲಿಲ್ಲ, ಪುಸ್ತಕವನ್ನು ಅವಳ ಕಡೆಗೆ ತಳ್ಳಿದಳು.

“ಪುಟ ನೋಡ್ಕೋ,” ಅಂದಳು.

“ಬೇಡ ಅಕ್ಕಾ, ನೀವು—”

“ಒಂದು ಹಾಳೆ ಇಲ್ಲ. ನಾನು ಹರಿದೆ.” ಪರ್ಸಿನಿಂದ ತೆಗೆದು ಮಡಿಕೆ ಬಿಡಿಸಿ ಕೊಟ್ಟಳು.

ಬೇಕರಿ ಹಾಳೆಯ ಎರಡೂ ಮಗ್ಗುಲು ನೋಡಿದಳು. ಹಿಂಬದಿಯಲ್ಲಿ ಪಾಠವಿತ್ತು: ಗಂಡ ಹೆಂಡತಿ ತಮ್ಮೊಳಗೆ ಆಡಿದ ಮಾತನ್ನು ಹೊರಗೆ ಹೇಳಬೇಕೆಂದು ಯಾವ ನ್ಯಾಯಾಲಯವೂ ಒತ್ತಾಯಿಸುವಂತಿಲ್ಲ. ಅಂಚಿನಲ್ಲಿ ಸೀಟಿ, ‘ನಮ್ಮನೇಲಿ ಮಾತೇ ಇಲ್ಲ, ಬಚಾವ್’ ಎಂದು ಗೀಚಿದ್ದ.

“ಇದು ಬಂದೇ ಬರೋ ಪ್ರಶ್ನೆ,” ಅಂದಳು ಬೇಕರಿ. ಮತ್ತೆ ಮೊದಲ ಮಗ್ಗುಲಿಗೆ ತಿರುಗಿಸಿ, “ನಾವು ನಾಲ್ಕೂ ಜನ ಇದನ್ನ ಓದಿ ಆಗಿದೆ ಅಕ್ಕಾ. ಬೇಜಾರು ಮಾಡ್ಕೋಬೇಡಿ,” ಅಂದಳು.

“ಅವನು ಬೇಜಾರು ಮಾಡ್ಕೊಂಡಿದ್ನಾ?”

ಸಮಾಧಾನದ ಮಾತೊಂದು ಹುಡುಗಿಯ ಮುಖದವರೆಗೆ ಬಂದು ಹೋಯಿತು.

“ಮಾಡ್ಕೊಂಡಿದ್ರು,” ಅಂದಳು. “ಸ್ವಲ್ಪ ದಿನ.”

ಅಂಟುಪಟ್ಟಿ ಎಳೆದು, ಹಲ್ಲಿನಿಂದ ಕತ್ತರಿಸಿ, ಹಾಳೆಯನ್ನು ಅದರ ಜಾಗಕ್ಕೆ ಅಂಟಿಸಿ, ಮುಷ್ಟಿಯಿಂದ ಒತ್ತಿದಳು. ಪುಟದ ಮೇಲೆ ಹಿಟ್ಟಿನ ಗುರುತು ಬಿತ್ತು. ಕೊನೆಯ ಪುಟ ತೆರೆದು, ಕಿವಿಯ ಮೇಲಿದ್ದ ಪೆನ್ನು ತೆಗೆದು ಕೊಟ್ಟಳು. “ವಾಪಸ್ ತಂದವರು ಬರೀಬೇಕು. ನಿಜವಾದ ಹೆಸರು ಬೇಡ.”

ಅವಳು ತಾರೀಕು ಹಾಕಿದಳು. ಅದರ ಪಕ್ಕದಲ್ಲಿ ‘ಇಸ್ತ್ರಿಯ’ ಎಂದು ಬರೆಯುವಷ್ಟರಲ್ಲಿ ಆ ಕಿರಿದಾದ ಕಾಲಂ ಮುಗಿದುಹೋಯಿತು. ‘ಹೆಂಡತಿ’ಗೆ ಜಾಗವಿರಲಿಲ್ಲ. ಅಕ್ಷರಗಳನ್ನು ಗೆರೆ ದಾಟಿಸಿ, ಬಾಗಿಸಿ, ಅಂಚಿನಲ್ಲಿ ಮೇಲಕ್ಕೆ ಬರೆಯುತ್ತ ಹೋದಳು. ಕಣ್ಣು ಮಂಜಾಗಿತ್ತು, ಮೂಗಿನಿಂದ ನೀರು ಸುರಿಯುತ್ತಿತ್ತು.

“ಆಯ್ತಾ ತಾಯಿ?” ಅಂದರು ಹಿಂದೆ ನಿಂತವರು.

“ಒಂದೇ ನಿಮಿಷ,” ಅಂದು ಅವಳು ‘ತಿ’ಯ ಗುಡಿಸು ಎಳೆದಳು.